ಅಡ್ಡ ಬಂದಿರುವುದು ಬಳಕೆಯೋ, ಅಳತೆಯೋ? ವಲಯ ನಿಯಮದ ಮುಂದೆ ಆಸ್ತಿ ಮಾಲೀಕರಿಗಿರುವ ದಾರಿಗಳು

ಮೇಲೆ ಮನೆ, ಕೆಳಗೆ ದಂತ ಚಿಕಿತ್ಸಾಲಯ. ವೈದ್ಯೆಯೊಬ್ಬರಿಗೆ ಇಷ್ಟೇ ಆಸೆ ಎಂದುಕೊಳ್ಳೋಣ. ಸೈಟು ಸ್ವಂತದ್ದು, ಸಾಲ ಸಿಕ್ಕಿದೆ, ನಕ್ಷೆಯನ್ನೂ ಬರೆಸಿಟ್ಟಿದ್ದಾರೆ. ಯೋಜನಾ ಕಚೇರಿಗೆ ಹೋದರೆ ಒಂದೇ ಸಾಲಿನ ಉತ್ತರ: "ಇದು ವಸತಿ ವಲಯ, ಇಲ್ಲಿ ಆಗುವುದಿಲ್ಲ."

ಈ ಮಾತು ಕೇಳಿಸಿಕೊಂಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ವಲಯವನ್ನೇ ಬದಲಿಸಿಕೊಡಿ ಎಂದು ಅರ್ಜಿ ಹಾಕುತ್ತಾರೆ, ಇಲ್ಲವೇ ಯಾರಿಗೂ ಹೇಳದೆ ಕಟ್ಟಿಬಿಡುತ್ತಾರೆ. ಇರುವ ದಾರಿಗಳಲ್ಲೆಲ್ಲ ಕಡಿದಾದದ್ದು ಮೊದಲನೆಯದು. ಎರಡನೆಯದನ್ನು ದಾರಿ ಎನ್ನುವುದೇ ಕಷ್ಟ. ಇವೆರಡರ ನಡುವೆ ಇನ್ನೂ ನಾಲ್ಕೈದು ದಾರಿಗಳಿವೆ. ಯಾವುದನ್ನು ಹಿಡಿಯಬೇಕೆಂಬುದು ಒಂದು ಪ್ರಶ್ನೆಯ ಮೇಲೆ ನಿಂತಿದೆ: ಅಡ್ಡ ಬಂದಿರುವುದು ಬಳಕೆಯೋ, ಅಳತೆಯೋ?

ಕಟ್ಟಡದೊಳಗೆ ಏನು ನಡೆಯುತ್ತದೆ ಎಂಬುದು ಬಳಕೆ: ವಾಸ, ಅಂಗಡಿ, ಗೋದಾಮು, ಶಾಲೆ. ಕಟ್ಟಡ ಎಷ್ಟು ದೊಡ್ಡದು, ಎಷ್ಟು ಎತ್ತರ, ಗಡಿಯಿಂದ ಎಷ್ಟು ದೂರ, ವಾಹನ ನಿಲ್ಲಿಸಲು ಎಷ್ಟು ಜಾಗ ಎಂಬುದೆಲ್ಲ ಅಳತೆ. ನ್ಯೂಯಾರ್ಕ್ ನಗರ 1916ರಲ್ಲಿ ಇಡೀ ಊರಿಗೆ ಅನ್ವಯಿಸುವ ವಲಯ ನಿಯಮ ತಂದಾಗ ಅದರ ಹಿಂದೆ ಈ ಎರಡೂ ಸಿಟ್ಟುಗಳಿದ್ದವು. ಹಿಂದಿನ ವರ್ಷ ಎದ್ದು ನಿಂತ ಈಕ್ವಿಟಬಲ್ ಕಟ್ಟಡ ಸುಮಾರು ಒಂದು ಎಕರೆ ಜಾಗದಲ್ಲಿ 12 ಲಕ್ಷ ಚದರ ಅಡಿಯಷ್ಟು ನೆಲವನ್ನು ಪೇರಿಸಿ ಅಕ್ಕಪಕ್ಕದ ಬೀದಿಗಳ ಬಿಸಿಲು ನುಂಗಿತ್ತು. ಇದು ಅಳತೆಯ ತಂಟೆ. ಇತ್ತ ಫಿಫ್ತ್ ಅವೆನ್ಯೂದ ದೊಡ್ಡ ಅಂಗಡಿಗಳವರಿಗೆ ಸಿದ್ಧ ಉಡುಪಿನ ಕಾರ್ಖಾನೆಗಳು ತಮ್ಮ ಬೀದಿಗೆ ನುಗ್ಗುತ್ತಿವೆ ಎಂಬ ಅಸಮಾಧಾನ. ಅದು ಬಳಕೆಯ ತಂಟೆ. ನೂರು ವರ್ಷ ಕಳೆದರೂ ನಿಯಮಪುಸ್ತಕಗಳಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳಾಗಿಯೇ ಉಳಿದಿವೆ, ಪರಿಹಾರಗಳೂ ಬೇರೆ ಬೇರೆ. ಬಳಕೆಯ ತೊಡಕಿಗೆ ಅಳತೆಯ ಅರ್ಜಿ ಹಾಕಿದರೆ ಕಳೆದುಹೋಗುವುದು ನಿಮ್ಮ ಶುಲ್ಕ ಮತ್ತು ಅರ್ಧ ವರ್ಷ.

ಬಣ್ಣದ ನಕ್ಷೆಯನ್ನು ನಂಬಿ ಕೂರಬೇಡಿ

ದಾರಿ ಆರಿಸುವ ಮೊದಲು "ಆಗುವುದಿಲ್ಲ" ಎಂಬುದು ನಿಜವೇ ಎಂದು ನೋಡಿಕೊಳ್ಳಬೇಕು. ಊರು ಮುಂದೆ ಹೇಗೆ ಬೆಳೆಯಬೇಕೆಂದು ಹೇಳುವ ಮಹಾಯೋಜನೆಯ ಕಡತದಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ಬಣ್ಣಗಳಲ್ಲಿ ಎರಡು ನಕ್ಷೆಗಳಿರುತ್ತವೆ. ಒಂದು ಸಮೀಕ್ಷೆಯ ಹೊತ್ತಿಗೆ ಇದ್ದ ಭೂಬಳಕೆಯದು, ಇನ್ನೊಂದು ಮುಂದಕ್ಕೆ ಉದ್ದೇಶಿಸಿದ ಭೂಬಳಕೆಯದು. ಕಟ್ಟಲು ಲೆಕ್ಕಕ್ಕೆ ಬರುವುದು ಎರಡನೆಯದು, ಅದೂ ಅಂತಿಮವಾಗಿ ಅಂಗೀಕಾರಗೊಂಡಿದ್ದರೆ ಮಾತ್ರ. ಕರಡು ನಕ್ಷೆ ತೋರಿಸಿ ಸೈಟು ಮಾರಿದ ಕತೆಗಳಿಗೆ ಯಾವ ಊರಿನಲ್ಲೂ ಬರವಿಲ್ಲ.

ನಕ್ಷೆ ಹೇಳುವುದು ವಲಯದ ಹೆಸರನ್ನಷ್ಟೆ. ಆ ವಲಯದಲ್ಲಿ ಏನೇನು ನಡೆಯಬಹುದು ಎಂಬುದು ನಿಯಮಪುಸ್ತಕದ ಬಳಕೆಯ ಪಟ್ಟಿಯಲ್ಲಿದೆ, ಪಟ್ಟಿಯ ಕೆಳಗಿನ ಸಣ್ಣಕ್ಷರದ ಟಿಪ್ಪಣಿಗಳಲ್ಲಿದೆ, ಪದಗಳ ವ್ಯಾಖ್ಯೆಯ ಅಧ್ಯಾಯದಲ್ಲಿದೆ. ನಾನಂತೂ ವ್ಯಾಖ್ಯೆಗಳಿಂದಲೇ ಓದಲು ತೊಡಗುತ್ತೇನೆ. ವಸತಿ ವಲಯದ ಪಟ್ಟಿಯಲ್ಲಿ "ಚಿಕಿತ್ಸಾಲಯ" ಇಲ್ಲದಿರಬಹುದು, ಆದರೆ "ಮನೆಯಲ್ಲೇ ನಡೆಸುವ ವೃತ್ತಿ" ಎಂಬ ಬೇರೆ ಹೆಸರಿನಡಿ ವೈದ್ಯರು, ವಕೀಲರು, ಲೆಕ್ಕಪರಿಶೋಧಕರಿಗೆ ಬಾಗಿಲು ತೆರೆದಿರಬಹುದು. ವೃತ್ತಿ ನಡೆಸುವವರು ಅದೇ ಮನೆಯಲ್ಲಿ ವಾಸವಿರಬೇಕು, ನೆಲದ ಇಂತಿಷ್ಟು ಪಾಲು ಮೀರಬಾರದು, ಹೊರಗಿನ ನೌಕರರು ಒಬ್ಬಿಬ್ಬರಿಗಿಂತ ಹೆಚ್ಚಿರಬಾರದು, ದೊಡ್ಡ ಬೋರ್ಡು ಕೂಡದು ಎಂಬಂಥ ಕಟ್ಟುಪಾಡುಗಳು ಅದರ ಜೊತೆಗಿರುತ್ತವೆ.

ವಲಯದ ಮೇಲೆ ಹೊದಿಸಿದ ಇನ್ನೊಂದು ಪದರವೂ ಇರಬಹುದು: ವಿಮಾನ ನಿಲ್ದಾಣದ ಸುತ್ತಲಿನ ಎತ್ತರದ ಮಿತಿ, ಪಾರಂಪರಿಕ ಪ್ರದೇಶ, ಪ್ರವಾಹದ ಬಯಲು, ಕೆರೆ ಕಾಲುವೆಗಳ ಅಂಚು. ಎರಡು ನಿಯಮಗಳು ಒಂದಕ್ಕೊಂದು ತಾಗಿದಾಗ ಬಿಗಿಯಾದದ್ದೇ ನಡೆಯುತ್ತದೆ ಎಂದು ಎಣಿಸಿಕೊಂಡು ಹೊರಡುವುದು ಕ್ಷೇಮ. ಕ್ರಯಪತ್ರದಲ್ಲಿ ಬಡಾವಣೆ ಮಾಡಿದವರು ಸೇರಿಸಿದ ಖಾಸಗಿ ಷರತ್ತುಗಳಿದ್ದರೆ ಅವು ಮತ್ತೊಂದೇ ಲೋಕ. ನಗರ ಒಪ್ಪಿದ ಮಾತ್ರಕ್ಕೆ ಅವು ಬಿದ್ದುಹೋಗುವುದಿಲ್ಲ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ವಲಯ ನಿಯಮವೇ ಇಲ್ಲ. 1948, 1962, 1993ರಲ್ಲಿ ಮೂರು ಸಲ ಮತದಾರರು ಅದನ್ನು ಬೇಡವೆಂದರು. ಆದರೂ ಅಲ್ಲಿನ ಎಷ್ಟೋ ಬಡಾವಣೆಗಳಲ್ಲಿ ಮನೆಯನ್ನು ಅಂಗಡಿ ಮಾಡಲಾಗುವುದಿಲ್ಲ, ಏಕೆಂದರೆ ಪತ್ರದಲ್ಲಿ ಬರೆದ ಷರತ್ತು ತಡೆಯುತ್ತದೆ, ಅದನ್ನು ಜಾರಿ ಮಾಡಿಸಲು ನಗರಾಡಳಿತವೇ ನ್ಯಾಯಾಲಯಕ್ಕೆ ಹೋಗುತ್ತದೆ.

ನಿಮ್ಮ ನಗರ ಯಾವ ಜಾತಿಯದು?

ನಿಯಮಗಳ ಸ್ವಭಾವವೇ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಬಗೆಯಲ್ಲಿ ಪಟ್ಟಿಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಜಪಾನಿನಲ್ಲಿ ಇಡೀ ದೇಶಕ್ಕೆ ಒಂದೇ ವರ್ಗೀಕರಣ, ಈಗ 13 ಬಗೆಯ ವಲಯಗಳಿವೆ. ಪ್ರತಿ ವಲಯವೂ ಎಷ್ಟರ ಮಟ್ಟಿನ ಕಿರಿಕಿರಿಯನ್ನು ಸಹಿಸಬಹುದು ಎಂದು ಹೇಳುತ್ತದೆ, ಅದಕ್ಕಿಂತ ಸೌಮ್ಯವಾದದ್ದು ಬಹುಮಟ್ಟಿಗೆ ಒಳಗೆ ಬರಬಹುದು. ಹಾಗಾಗಿಯೇ ಅಲ್ಲಿನ ಅತ್ಯಂತ ಬಿಗಿಯಾದ ವಸತಿ ವಲಯದಲ್ಲೂ ಮನೆಗೆ ಅಂಟಿಕೊಂಡ ಪುಟ್ಟ ಅಂಗಡಿಗೆ ಜಾಗವಿದೆ. ಬ್ರಿಟನ್ನಿನದು ಇನ್ನೊಂದು ಬಗೆ. 1947ರ ಕಾಯ್ದೆಯಿಂದೀಚೆಗೆ ಅಭಿವೃದ್ಧಿಯ ಹಕ್ಕು ಜಮೀನಿನ ಜೊತೆ ತಾನಾಗಿ ಬರುವುದಿಲ್ಲ. ಸಣ್ಣಪುಟ್ಟದ್ದಕ್ಕೆ ಮೊದಲೇ ಕೊಟ್ಟ ಸಾಮಾನ್ಯ ಒಪ್ಪಿಗೆ ಬಿಟ್ಟರೆ, ಪ್ರತಿ ಯೋಜನೆಯನ್ನೂ ಸ್ಥಳೀಯ ಯೋಜನೆಯ ಬೆಳಕಿನಲ್ಲಿ ಬಿಡಿಬಿಡಿಯಾಗಿ ತೂಗುತ್ತಾರೆ.

ಪಟ್ಟಿ ಆಧರಿಸಿ ತೀರ್ಮಾನಿಸುವ ನಗರದಲ್ಲಿ ಪಟ್ಟಿಯೊಳಗೆ ಉಳಿದವರಿಗೆ ಲಾಭ. ನಿಯಮಕ್ಕೆ ಹೊಂದಿದ ನಕ್ಷೆಯನ್ನು ಅಧಿಕಾರಿ ಇಷ್ಟವಿಲ್ಲವೆಂದು ತಳ್ಳುವಂತಿಲ್ಲ. ಬಿಡಿಬಿಡಿಯಾಗಿ ತೂಗುವಲ್ಲಿ ಅರ್ಜಿಗೆ ಮುನ್ನ ಅಧಿಕಾರಿಗಳೊಂದಿಗೆ ಕೂತು ಮಾತಾಡುವುದೇ ಅರ್ಧ ಕೆಲಸ. ಮುಂದೆ ಹೇಳುವ ದಾರಿಗಳು ಪಟ್ಟಿಯ ಪದ್ಧತಿಯವು. ಹೆಸರುಗಳು ಊರಿಂದೂರಿಗೆ ಬದಲಾದರೂ ಒಳಗಿನ ತರ್ಕ ಬಹುತೇಕ ಇದೇ.

ಯೋಜನೆಯನ್ನೇ ಬಗ್ಗಿಸುವುದು

ಯಾರಿಗೂ ಇಷ್ಟವಾಗದ, ಆದರೆ ಅತಿ ಹೆಚ್ಚು ಸಲ ಸರಿಯಾಗುವ ದಾರಿ ಇದು. ಅಡ್ಡ ಬಂದಿರುವುದು ಅಳತೆಯಾದರೆ ಇದನ್ನು ಪರೀಕ್ಷಿಸದೆ ಬೇರೆಡೆ ಹೋಗಲೇಬಾರದು. ಏಕೆಂದು ಒಂದು ಲೆಕ್ಕದಲ್ಲಿ ನೋಡೋಣ.

ಸೈಟು 10 ಮೀಟರ್ ಅಗಲ, 20 ಮೀಟರ್ ಉದ್ದ, ಅಂದರೆ 200 ಚದರ ಮೀಟರ್. ನಿಯಮ ಹೀಗಿದೆ ಎನ್ನಿ: ಎಫ್‌ಎಆರ್ 1.5, ನೆಲವ್ಯಾಪ್ತಿ (ಸೈಟಿನಲ್ಲಿ ಕಟ್ಟಡ ಆವರಿಸಬಹುದಾದ ಪಾಲು) ಶೇ. 60, ಸೆಟ್‌ಬ್ಯಾಕ್ (ಗಡಿಯಿಂದ ಖಾಲಿ ಬಿಡಬೇಕಾದ ಜಾಗ) ಮುಂದೆ 3 ಮೀಟರ್, ಹಿಂದೆ 2, ಎರಡೂ ಪಕ್ಕ ಒಂದೂವರೆ, ಎತ್ತರ 10 ಮೀಟರ್. ಎಲ್ಲ ಅಂತಸ್ತುಗಳ ನೆಲವನ್ನು ಕೂಡಿಸಿ ಸೈಟಿನ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದೇ ಎಫ್‌ಎಆರ್. ಹಾಗಾಗಿ ಒಟ್ಟು 300 ಚದರ ಮೀಟರ್ ಕಟ್ಟಬಹುದು. ನೆಲವ್ಯಾಪ್ತಿಯ ಲೆಕ್ಕದಲ್ಲಿ ಒಂದು ಅಂತಸ್ತಿಗೆ 120 ಸಿಗಬೇಕು. ಆದರೆ ಸೆಟ್‌ಬ್ಯಾಕ್ ಬಿಟ್ಟ ಮೇಲೆ ಉಳಿಯುವುದು 7 ಮೀಟರ್ ಅಗಲ, 15 ಮೀಟರ್ ಉದ್ದ, ಅಂದರೆ 105 ಮಾತ್ರ. ಇಲ್ಲಿ ಮಾಲೀಕರು ಥಟ್ಟನೆ ಹೇಳುತ್ತಾರೆ: ಒಂದು ಪಕ್ಕದಲ್ಲಿ ಅರ್ಧ ಮೀಟರ್ ಸಡಿಲಿಸಿಕೊಡಿ.

ಕೊಟ್ಟರೆ ಏನಾಗುತ್ತದೆ? ಅಂತಸ್ತು 105ರಿಂದ 112.5ಕ್ಕೆ ಹಿಗ್ಗುತ್ತದೆ. 10 ಮೀಟರ್ ಎತ್ತರದಲ್ಲಿ ಮೂರು ಅಂತಸ್ತು ಹಿಡಿಸುತ್ತವೆ. ಆದರೆ 105ರ ಮೂರು ಅಂತಸ್ತೇ 315 ಆಗಿ 300ರ ಮಿತಿಯನ್ನು ಆಗಲೇ ದಾಟಿದೆ! ಅರ್ಧ ಮೀಟರಿಗಾಗಿ ತಿಂಗಳುಗಟ್ಟಲೆ ಅಲೆದರೂ ಒಟ್ಟು ನೆಲ ಒಂದು ಚದರ ಅಡಿಯೂ ಹೆಚ್ಚುವುದಿಲ್ಲ. ಅದೇ ಎತ್ತರದ ಮಿತಿ 7 ಮೀಟರ್ ಇದ್ದಿದ್ದರೆ ಎರಡೇ ಅಂತಸ್ತು, ಒಟ್ಟು 210. ಆಗ ಎಫ್‌ಎಆರ್‌ನಲ್ಲಿ 90 ಚದರ ಮೀಟರ್ ಬಳಸಲಾಗದೆ ಉಳಿಯುತ್ತದೆ, ಕತ್ತು ಹಿಡಿದಿರುವುದು ಎತ್ತರ. ಅಂದರೆ ನಿಮ್ಮ ಸೈಟನ್ನು ನಿಜಕ್ಕೂ ಕಟ್ಟಿಹಾಕಿರುವ ನಿಯಮ ಯಾವುದು ಎಂದು ಕಂಡುಕೊಳ್ಳದೆ ಯಾವ ವಿನಾಯಿತಿಯನ್ನೂ ಕೇಳಬಾರದು. ಎಷ್ಟೋ ಸೈಟುಗಳಲ್ಲಿ ಕಟ್ಟಿಹಾಕಿರುವುದು ಇವ್ಯಾವುವೂ ಅಲ್ಲ, ವಾಹನ ನಿಲುಗಡೆಯ ಸಂಖ್ಯೆ. ಒಂದು ವಾಹನಕ್ಕೆ ನಿಲ್ಲಲು ಬೇಕಾದ ಜಾಗವಷ್ಟೇ ಅಲ್ಲ, ಅದು ತಿರುಗಿ ಹೊರಬರುವ ಜಾಗವನ್ನೂ ಬರೆಸಿ ನೋಡಿ, ತಿಳಿಯುತ್ತದೆ.

ಷರತ್ತಿನ ಅನುಮತಿ

ಬಳಕೆಯ ಪಟ್ಟಿಯಲ್ಲಿ ಕೆಲವು ಹೆಸರುಗಳ ಮುಂದೆ "ಮಂಡಳಿಯ ಒಪ್ಪಿಗೆ ಪಡೆದು" ಎಂಬ ಅರ್ಥದ ಗುರುತಿರುತ್ತದೆ: ಶಾಲೆ, ಪ್ರಾರ್ಥನಾ ಮಂದಿರ, ಶಿಶುವಿಹಾರ, ನರ್ಸಿಂಗ್ ಹೋಮ್, ಪೆಟ್ರೋಲ್ ಬಂಕ್. ಈ ಬಳಕೆ ಈ ವಲಯಕ್ಕೆ ಒಗ್ಗುತ್ತದೆ ಎಂದು ನಗರ ಮೊದಲೇ ತೀರ್ಮಾನಿಸಿಯಾಗಿದೆ. ಉಳಿದಿರುವ ಪ್ರಶ್ನೆ ಈ ನಿರ್ದಿಷ್ಟ ಸೈಟಿಗೆ ಒಗ್ಗುತ್ತದೆಯೇ ಎಂಬುದಷ್ಟೆ. ಬಳಕೆಯ ತೊಡಕಿದ್ದವರು ಮೊದಲು ಹುಡುಕಬೇಕಾದದ್ದು ಈ ಗುರುತನ್ನು.

ಇಲ್ಲಿ ವಿಚಾರಣೆ ಇರುತ್ತದೆ, ನೆರೆಹೊರೆಗೆ ನೋಟಿಸು ಹೋಗುತ್ತದೆ. ಮಾತು ಬರುವುದು ವಾಹನಗಳು, ಸದ್ದು, ಕೆಲಸದ ಸಮಯ, ಕಸ, ರಾತ್ರಿಯ ದೀಪಗಳ ಬಗ್ಗೆ. ಇವಕ್ಕೆಲ್ಲ ಕಾಗದದ ಮೇಲೆ ಉತ್ತರ ಕೊಡಬಹುದು ಎಂಬುದೇ ಈ ದಾರಿಯ ದೊಡ್ಡ ಗುಣ. "ರೋಗಿಗಳಿಗೆ ಸಮಯ ನಿಗದಿ ಮಾಡಿಯೇ ಬರಹೇಳುತ್ತೇನೆ, ಗಂಟೆಗೆ ನಾಲ್ವರು, ನಿಲುಗಡೆ ಒಳಗೇ" ಎಂದು ತೋರಿಸಿದರೆ ನೆರೆಯವರ ಅರ್ಧ ಆಕ್ಷೇಪ ಕರಗುತ್ತದೆ. ತಿರಸ್ಕರಿಸಿದರೆ ಮಂಡಳಿ ಕಾರಣ ಕೊಡಬೇಕು, ಆ ಕಾರಣವನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಲು ಹಿಡಿತ ಸಿಗುತ್ತದೆ.

ಹೊರೆ ಏನೆಂದರೆ, ಒಪ್ಪಿಕೊಂಡ ಷರತ್ತುಗಳು ಸಾಮಾನ್ಯವಾಗಿ ಜಮೀನಿನೊಂದಿಗೇ ಸಾಗುತ್ತವೆ, ಕೊಂಡವರಿಗೂ ಅವು ಅಂಟುತ್ತವೆ. ಮುರಿದರೆ ಅನುಮತಿಯೇ ಹೋಗಬಹುದು. ಸಂಜೆ ಆರಕ್ಕೆ ಮುಚ್ಚುತ್ತೇನೆ ಎಂದು ಉತ್ಸಾಹದಲ್ಲಿ ಬರೆದುಕೊಡುವ ಮುನ್ನ ಐದು ವರ್ಷದ ಮೇಲಿನ ನಿಮ್ಮ ಸಂಜೆಗಳನ್ನು ನೆನೆಸಿಕೊಳ್ಳಿ.

ವಿನಾಯಿತಿ: ಕಷ್ಟ ನೆಲದ್ದಾಗಿರಬೇಕು, ನಿಮ್ಮದಲ್ಲ

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಈ ದಾರಿಯ ಬಗ್ಗೆ. 1920ರ ದಶಕದಲ್ಲಿ ಅಮೆರಿಕದ ರಾಜ್ಯಗಳಿಗೆಂದು ಸಿದ್ಧವಾದ ಮಾದರಿ ಕಾಯ್ದೆಯಲ್ಲೇ ಇದರ ಅಳತೆಗೋಲು ಇತ್ತು: ವಿಶೇಷ ಪರಿಸ್ಥಿತಿಯಿಂದಾಗಿ ನಿಯಮವನ್ನು ಅಕ್ಷರಶಃ ಹೇರಿದರೆ ಅನಗತ್ಯ ಸಂಕಷ್ಟವಾಗುವಂತಿರಬೇಕು. ಈ ವಿಶೇಷ ಪರಿಸ್ಥಿತಿ ನೆಲದಲ್ಲಿ ಇರಬೇಕು. ತ್ರಿಕೋನದ ಮೂಲೆ ಸೈಟು, ಎರಡು ಕಡೆ ರಸ್ತೆ, ಎರಡೂ ಕಡೆ ಮುಂಭಾಗದ ಸೆಟ್‌ಬ್ಯಾಕ್ ಬಿಟ್ಟರೆ ಉಳಿಯುವುದು ನಾಲ್ಕು ಮೀಟರಿನ ಪಟ್ಟಿ: ಇದು ಕೇಸು. ಸೈಟಿನ ನಡುವೆ ಬಂಡೆ, ಕಡಿದಾದ ಇಳಿಜಾರು: ಇದೂ ಕೇಸು. ಸಂಸಾರ ದೊಡ್ಡದಾಯಿತು, ಬಾಡಿಗೆ ಹೆಚ್ಚು ಬರಬೇಕಿತ್ತು, ಮೇಸ್ತ್ರಿ ಪಾಯ ತಪ್ಪಾಗಿ ಹಾಕಿದ: ಇವು ಎಷ್ಟೇ ನಿಜವಾದರೂ ನೆಲದ ಕಷ್ಟಗಳಲ್ಲ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಸೈಟನ್ನು ತಾವೇ ಕಿರಿದು ಮಾಡಿಕೊಂಡು ಬಂದು ಜಾಗ ಕಿರಿದೆಂದರೆ, ಅದು ತಾನೇ ತಂದುಕೊಂಡ ಕಷ್ಟವೆನಿಸುತ್ತದೆ. ಪಕ್ಕದವರಿಗೆ ಕೊಟ್ಟಿದ್ದೀರಲ್ಲ ಎಂಬ ಮಾತಿಗೂ ಇಲ್ಲಿ ಹೆಚ್ಚಿನ ತೂಕವಿಲ್ಲ.

ಬೆಲೆ ಇಳಿಯಿತು ಎಂಬ ದೂರು ಹಳೆಯದು, ಸೋತದ್ದೂ ಹಳೆಯದೇ. ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಹಳ್ಳಿಯಲ್ಲಿ 68 ಎಕರೆ ಹೊಂದಿದ್ದ ಆಂಬ್ಲರ್ ರಿಯಾಲ್ಟಿ ಕಂಪನಿ, ವಲಯ ನಿಯಮದಿಂದ ತನ್ನ ಜಮೀನಿನ ಬೆಲೆ ಕಾಲುಭಾಗಕ್ಕೆ ಕುಸಿಯಿತೆಂದು ವಾದಿಸಿತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹಳ್ಳಿಯ ಪರವೇ ನಿಂತಿತು. ಯೋಗ್ಯ ವಸ್ತುವೂ ತಪ್ಪು ಜಾಗದಲ್ಲಿದ್ದರೆ ಉಪದ್ರವವಾಗಬಹುದು, ಕೊಟ್ಟಿಗೆ ಬಿಟ್ಟು ಪಡಸಾಲೆಗೆ ಬಂದ ಹಂದಿಯ ಹಾಗೆ ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ. ಇಂದಿಗೂ ಹೆಚ್ಚು ಲಾಭ ತಪ್ಪಿತು ಎನ್ನುವುದು ವಾದವಾಗುವುದಿಲ್ಲ. ಏನೂ ಮಾಡಲಾಗುತ್ತಿಲ್ಲ ಎಂಬುದಕ್ಕೆ ಹತ್ತಿರ ಬಂದರೆ ಕಿವಿಗೊಡುತ್ತಾರೆ.

ಇಲ್ಲೂ ಬಳಕೆ, ಅಳತೆಗಳ ಗೆರೆ ಕಾಣುತ್ತದೆ. ನ್ಯೂಯಾರ್ಕ್ ರಾಜ್ಯದ ಕಾನೂನಿನಲ್ಲಿ ಅಳತೆಯ ವಿನಾಯಿತಿಗೆ ಮಾಲೀಕರ ಅನುಕೂಲ ಮತ್ತು ನೆರೆಯ ಅನನುಕೂಲಗಳನ್ನು ತೂಗಿ ನೋಡುತ್ತಾರೆ. ಬಳಕೆಯ ವಿನಾಯಿತಿಗಾದರೆ ಅನುಮತಿಸಿದ ಯಾವ ಬಳಕೆಯಿಂದಲೂ ಸಾಧಾರಣ ಆದಾಯ ಬರುವುದಿಲ್ಲವೆಂದು ಲೆಕ್ಕಪತ್ರಗಳಿಂದ ಸಾಬೀತುಮಾಡಬೇಕು. ಬಳಕೆಯ ವಿನಾಯಿತಿಯನ್ನೇ ನಿಷೇಧಿಸಿದ ಕಡೆಗಳೂ ಉಂಟು. ನನ್ನ ಸಲಹೆ: ಅಳತೆಗಾದರೆ, ನೆಲ ನಿಮ್ಮ ಪರವಾಗಿ ಸಾಕ್ಷಿ ಹೇಳುವಂತಿದ್ದರೆ, ಧೈರ್ಯವಾಗಿ ಹೋಗಿ. ಕೇಳುವಾಗ ಸಾಕಾಗುವ ಕನಿಷ್ಠವನ್ನೇ ಕೇಳಿ, ಚೌಕಾಶಿಗೆಂದು ಹೆಚ್ಚಿಟ್ಟು ಕೇಳಬೇಡಿ. ಬಳಕೆಗಾದರೆ ಈ ಬಾಗಿಲು ಬಡಿಯುವ ಮೊದಲು ಷರತ್ತಿನ ಅನುಮತಿ ಸಿಗುವುದೇ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ವಲಯ ಬದಲಾವಣೆ

ಇದು ಅನುಮತಿಯಲ್ಲ, ಕಾನೂನನ್ನೇ ತಿದ್ದುವ ಕೆಲಸ. ತೀರ್ಮಾನ ಮಾಡುವುದು ಚುನಾಯಿತ ಸಭೆ ಅಥವಾ ಸರ್ಕಾರ. ಮಹಾಯೋಜನೆಗೆ ಹೊಂದುತ್ತದೆಯೇ ಎಂದು ನೋಡುತ್ತಾರೆ, ಸಾರ್ವಜನಿಕ ಆಕ್ಷೇಪಣೆ ಕರೆಯುತ್ತಾರೆ. ಅವರು ಆಗುವುದಿಲ್ಲ ಎಂದುಬಿಟ್ಟರೆ ನ್ಯಾಯಾಲಯಗಳು ಸುಲಭವಾಗಿ ಕೈಹಾಕುವುದಿಲ್ಲ. ಸುತ್ತಲೂ ಒಂದು ವಲಯವಿದ್ದು ನಡುವೆ ಒಬ್ಬರ ಸೈಟಿಗೆ ಮಾತ್ರ ಬೇರೆ ವಲಯ ಕೊಟ್ಟರೆ, ಚುಕ್ಕೆ ಇಟ್ಟಂತೆ ಒಬ್ಬರಿಗಷ್ಟೇ ಒಳಿತು ಮಾಡಿದರೆಂದು ಆ ಆದೇಶವೇ ರದ್ದಾಗಬಹುದು.

ನೆರೆಹೊರೆ ಇದನ್ನು ವಿರೋಧಿಸುವುದು ಬರೀ ಹೊಟ್ಟೆಕಿಚ್ಚಿನಿಂದಲ್ಲ. ಚಿಕಿತ್ಸಾಲಯಕ್ಕೆಂದು ವಾಣಿಜ್ಯ ವಲಯ ಕೊಟ್ಟರೆ ಆ ವಲಯದ ಪಟ್ಟಿಯಲ್ಲಿರುವ ಎಲ್ಲ ಬಳಕೆಗಳಿಗೂ ಆ ಸೈಟು ತೆರೆದುಕೊಳ್ಳುತ್ತದೆ. ಇವತ್ತು ದಂತವೈದ್ಯೆ, ನಾಳೆ ಅವರು ಮಾರಿ ಹೋದರೆ ಬಾರು. ನೀವು ಎಷ್ಟು ಒಳ್ಳೆಯವರು ಎಂಬುದು ಇಲ್ಲಿ ಉತ್ತರವೇ ಅಲ್ಲ. ಹೊಸ ವಲಯಕ್ಕೆ ತಕ್ಕಂತೆ ಆಸ್ತಿ ತೆರಿಗೆ ಏರುವುದುಂಟು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರಸ್ತೆಯ ಎರಡೂ ಬದಿ ಆಗಲೇ ಬದಲಾಗಿದ್ದು ನಿಮ್ಮದೊಂದೇ ಹಳೆಯ ಬಣ್ಣದಲ್ಲಿ ಉಳಿದಿದ್ದರೆ, ಅಥವಾ ಹತ್ತಾರು ಮಾಲೀಕರು ಒಟ್ಟಾಗಿ ಕೇಳುವುದಾದರೆ ಮಾತ್ರ ಇದು ಜಾಣತನದ ಆಯ್ಕೆ.

ಇದಕ್ಕಿಂತ ಅಗ್ಗದ ದಾರಿ ಕಾಯುವುದು. ಮಹಾಯೋಜನೆಯ ಪರಿಷ್ಕರಣೆ ಹತ್ತಿರದಲ್ಲಿದ್ದರೆ ಕರಡಿನ ಆಕ್ಷೇಪಣೆಯ ಅವಧಿಯಲ್ಲಿ ಒಂದು ಪುಟದ ಮನವಿ ಕೊಡಿ. ಆಕ್ಲೆಂಡ್ ನಗರ 2016ರ ಯೋಜನೆಯಲ್ಲಿ ತನ್ನ ವಸತಿ ಭೂಮಿಯ ಸುಮಾರು ಮುಕ್ಕಾಲು ಭಾಗದಲ್ಲಿ ಹೆಚ್ಚು ಮನೆಗಳಿಗೆ ಅವಕಾಶ ಕೊಟ್ಟಿತು. ಒಂದು ಸೈಟಿಗೆ ಒಂದೇ ಮನೆ ಎಂದಿದ್ದ ಬಡಾವಣೆಗಳಲ್ಲೂ ಮೂರು ಮನೆಗಳವರೆಗೆ ಬಿಡುವ ಯೋಜನೆಯನ್ನು ಮಿನಿಯಾಪೊಲಿಸ್ 2018ರಲ್ಲಿ ಅಂಗೀಕರಿಸಿತು. ಅಲ್ಲಿ ಒಂಟಿಯಾಗಿ ಅರ್ಜಿ ಹಾಕಿ ಸೋತಿರಬಹುದಾದವರಿಗೆ ಅರ್ಜಿಯೇ ಇಲ್ಲದೆ ದಕ್ಕಿತು.

ಹಳೆಯ ಬಳಕೆಯ ಹಕ್ಕು

ನಿಯಮ ಬರುವ ಮೊದಲೇ ಕಾನೂನುಬದ್ಧವಾಗಿ ನಡೆಯುತ್ತಿದ್ದ ಅಂಗಡಿ, ವರ್ಕ್‌ಶಾಪುಗಳನ್ನು ಸಾಮಾನ್ಯವಾಗಿ ಮುಂದುವರಿಸಬಹುದು. ಕೊಳ್ಳುವವರಿಗೆ ಇದು ವರವಾಗಿ ಕಾಣುತ್ತದೆ, ಆದರೆ ಇದು ತೇಯುವ ಹಕ್ಕು. ದುರಸ್ತಿ ಮಾಡಬಹುದು, ವಿಸ್ತರಿಸುವಂತಿಲ್ಲ. ಆರು ತಿಂಗಳಿಂದ ಎರಡು ವರ್ಷ ಮುಚ್ಚಿಟ್ಟರೆ ಹಕ್ಕು ಹೋಯಿತು ಎನ್ನುವ ನಿಯಮಗಳು ಸಾಮಾನ್ಯ. ಬೆಂಕಿ ಬಿದ್ದು ಕಟ್ಟಡ ಅರ್ಧಕ್ಕಿಂತ ಹೆಚ್ಚು ಹಾಳಾದರೆ ಮತ್ತೆ ಅದೇ ಬಳಕೆಗೆ ಕಟ್ಟಲು ಬಿಡದ ಕಡೆಗಳು ಬಹಳ. ಸಾಬೀತುಮಾಡುವ ಹೊಣೆಯೂ ನಿಮ್ಮದೇ: ಹಳೆಯ ಲೈಸೆನ್ಸು, ತೆರಿಗೆ ರಸೀದಿ, ವಿದ್ಯುತ್ ಬಿಲ್ಲು. ಮಾರುವವರ ಬಳಿ ಇವಿಲ್ಲದಿದ್ದರೆ ಆ "ಹಕ್ಕು" ಎಂಬುದಕ್ಕೆ ಬೆಲೆ ಕಟ್ಟಬೇಡಿ.

ಕಟ್ಟಲು ಬಿಡದ ಅಂತಸ್ತುಗಳ ಹಕ್ಕನ್ನು ಬೇರೆ ಸೈಟಿಗೆ ಮಾರುವ ಏರ್ಪಾಡೂ ಕೆಲವು ನಗರಗಳಲ್ಲಿದೆ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಮೇಲೆ ಗೋಪುರ ಕಟ್ಟಲು ಬಿಡದಿದ್ದುದನ್ನು 1978ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ, ಹೀಗೆ ವರ್ಗಾಯಿಸುವ ಅವಕಾಶವಿದ್ದುದನ್ನೂ ಗಮನಕ್ಕೆ ತೆಗೆದುಕೊಂಡಿತ್ತು. ಸಣ್ಣ ಸೈಟಿನವರಿಗೆ ಇದು ಅಪರೂಪಕ್ಕೆ ಉಪಯೋಗವಾದೀತು.

ಇನ್ನು ಸದ್ದಿಲ್ಲದೆ ಕಟ್ಟುವುದು. ಕಾಲ ಕಳೆದರೆ ತಾನೇ ಸರಿಹೋಗುತ್ತದೆ ಎಂಬ ನಂಬಿಕೆಯ ಮೇಲೆ ಇದು ನಿಂತಿದೆ. ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದರ ಮೇಲೆ ಆಡಳಿತ ಕ್ರಮ ಕೈಗೊಳ್ಳಲು ನಾಲ್ಕು ವರ್ಷಗಳ ಗಡುವಿತ್ತು. 2024ರ ಏಪ್ರಿಲ್ 25ರಿಂದ ಅದನ್ನು ಹತ್ತು ವರ್ಷ ಮಾಡಿದರು. ಬೇಕೆಂದೇ ಬಚ್ಚಿಟ್ಟಿದ್ದರೆ ಆ ರಕ್ಷಣೆಯೂ ಕೈಕೊಡಬಹುದು. ಗಡುವೇ ಇಲ್ಲದ ಕಡೆಗಳಲ್ಲಿ ಮಾರುವಾಗ, ಸಾಲ ಎತ್ತುವಾಗ, ವಿಮೆ ಕೇಳುವಾಗ ಆ ಹೆಚ್ಚುವರಿ ಕೋಣೆ ಮತ್ತೆ ಮತ್ತೆ ಎದ್ದು ನಿಲ್ಲುತ್ತದೆ.

ಸೈಟು ಇನ್ನೂ ಕೊಂಡಿಲ್ಲವಾದರೆ

ಆಗ ನಿಮ್ಮ ಕೈಯಲ್ಲಿ ಬೇರೆಲ್ಲಕ್ಕಿಂತ ಗಟ್ಟಿ ಅಸ್ತ್ರವಿದೆ: ಕರಾರು. ಇಂಥ ಬಳಕೆಗೆ ಅನುಮತಿ ಸಿಕ್ಕರೆ ಮಾತ್ರ ಖರೀದಿ, ಇಲ್ಲದಿದ್ದರೆ ಮುಂಗಡ ವಾಪಸ್ ಎಂದು ಬರೆಸಿ. ಮಾರುವವರು ಒಪ್ಪದಿದ್ದರೆ ಏಕೆಂದು ಯೋಚಿಸಿ. ಎರಡು ಸೈಟುಗಳ ನಡುವೆ ತೂಗುತ್ತಿದ್ದರೆ, ವಲಯ ಬದಲಾಗಲಿದೆ ಎಂಬ ಮಾತಿನ ಅಗ್ಗದ ಸೈಟಿಗಿಂತ, ಬೇಕಾದ ಬಳಕೆ ಇಂದೇ ಪಟ್ಟಿಯಲ್ಲಿರುವ ತುಸು ದುಬಾರಿ ಸೈಟೇ ಮೇಲು. ಯೋಜನಾ ಕಚೇರಿಯಿಂದ ವಲಯ ದೃಢೀಕರಣವನ್ನು ಬರವಣಿಗೆಯಲ್ಲೇ ಪಡೆಯಿರಿ, ಸರ್ವೆ ನಂಬರು ಅಥವಾ ಸೈಟಿನ ಸಂಖ್ಯೆ ಅದರಲ್ಲಿರಲಿ. ಕೌಂಟರಿನಲ್ಲಿ ಕೇಳಿದ ಬಾಯಿಮಾತು ನಾಳೆ ಯಾರನ್ನೂ ಕಟ್ಟಿಹಾಕುವುದಿಲ್ಲ.

ನಮ್ಮ ದಂತವೈದ್ಯೆಗೆ ಬರೋಣ. ಅವರ ತೊಡಕು ಬಳಕೆಯದು, ಆದ್ದರಿಂದ ಸೆಟ್‌ಬ್ಯಾಕ್‌ನ ಅರ್ಜಿಗಳೆಲ್ಲ ಪಕ್ಕಕ್ಕೆ. ವ್ಯಾಖ್ಯೆಯ ಅಧ್ಯಾಯದಲ್ಲಿ ಮನೆಯಲ್ಲೇ ನಡೆಸುವ ವೃತ್ತಿಗೆ ಅವಕಾಶವಿದ್ದು, ನೆಲದ ಪಾಲಿಗೂ ನೌಕರರ ಸಂಖ್ಯೆಗೂ ಮಿತಿಯಿದ್ದರೆ, ಒಂದೇ ಕುರ್ಚಿಯ ಚಿಕಿತ್ಸಾಲಯವನ್ನು ನಾಳೆಯೇ ಶುರುಮಾಡಬಹುದು. ಎರಡನೇ ಕುರ್ಚಿ, ಇನ್ನೊಬ್ಬ ವೈದ್ಯರು ಬೇಕೆನಿಸಿದ ದಿನ ಷರತ್ತಿನ ಅನುಮತಿಯ ಅರ್ಜಿ. ಅಷ್ಟರಲ್ಲಿ ಆ ಬೀದಿಯ ಅರ್ಧ ಜನ ಅವರ ರೋಗಿಗಳಾಗಿರುತ್ತಾರೆ, ವಿಚಾರಣೆಯಲ್ಲಿ ಎದ್ದು ನಿಂತು ಮಾತಾಡುವವರು ಅವರೇ.